ಒಂಬತ್ತನೆಯ ಪೆಟ್ಟಿಗೆ

ಸೊಸೆ ಮಾವನ ಬಲಗೈಯ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಉಗುರಿನ ಸಂದಿಯನ್ನು ಉಜ್ಜುತ್ತಿದ್ದಳು. ಐದು ಬೆರಳಲ್ಲಿ ಎರಡು ಮುಗಿದಿದ್ದವು. ಮುಗಿದವೂ ಮುಗಿಯದವೂ ಒಂದೇ ಬಣ್ಣದಲ್ಲಿದ್ದವು.

"ಬಿಡೇ," ಎಂದರು ಮಂಚದ ತಲೆಯ ಕಡೆ ಕೂತಿದ್ದ ಅತ್ತೆ. "ಅದು ಹೋಗೋ ಕಪ್ಪಲ್ಲ. ನಲವತ್ತು ವರ್ಷ ನಾನೂ ಉಜ್ಜಿ ನೋಡಿದ್ದೀನಿ. ಮದುವೆ ದಿನಾನೂ ಹಾಗೇ ಇತ್ತು."

"ಬಂದವರು ನೋಡ್ತಾರೆ ಅತ್ತೆ."

"ನೋಡ್ಲಿ. ಕದ್ದು ತಂದಿದ್ದಲ್ಲ."

ಅತ್ತೆಯ ಕಣ್ಣು ಒಣಗಿತ್ತು. ಅವರು ಅಳುವುದನ್ನು ನಿನ್ನೆಯೇ ಮುಗಿಸಿ, ಇವತ್ತಿಗೆ ಸಿಟ್ಟನ್ನು ಉಳಿಸಿಕೊಂಡಂತಿತ್ತು. ಕಿಟಕಿಯ ಬಳಿ ಅವರ ಮಗ, ಅಂದರೆ ಸೊಸೆಯ ಗಂಡ, ಅಂಗಡಿಯಿಂದ ತಂದ ಬಿಳಿಯ ಹೊದಿಕೆಯ ಅಂಚು ಬಿಚ್ಚಿಕೊಂಡಿದೆಯೆಂದು ಅದನ್ನು ಮಡಚಿ ಹೊಲಿಯುತ್ತಿದ್ದ. ಅವನು ದರ್ಜಿ. ಅಪ್ಪನ ಸ್ಪ್ಯಾನರನ್ನು ಜೀವಮಾನದಲ್ಲಿ ಮುಟ್ಟಿದವನಲ್ಲ, ಅಪ್ಪನೂ ಒತ್ತಾಯಿಸಿದವರಲ್ಲ.

ಮಂಚದ ಮೇಲಿದ್ದವರು ಊರಿನ ದೊಡ್ಡಾಸ್ಪತ್ರೆಯಲ್ಲಿ ನಲವತ್ತು ವರ್ಷ ಕೊಳವೆ ಜೋಡಿಸಿದವರು. ತಣ್ಣೀರು ಹರಿಯುವ ತಾಮ್ರದ ಸುರುಳಿ, ಅದರ ಹಿಂದೊಂದು ಫ್ಯಾನು, ಎರಡನ್ನೂ ಒಳಗಿಟ್ಟುಕೊಂಡು ಚಾವಣಿಯ ಮರೆಯಲ್ಲಿ ಕೂತು ಕೋಣೆಗೆ ತಂಪು ಗಾಳಿ ಬಿಡುವ ಪೆಟ್ಟಿಗೆಗಳಿಗೆ ಕಾಗದದಲ್ಲಿ ಫ್ಯಾನ್ ಕಾಯಿಲ್ ಯೂನಿಟ್ ಎಂದು ಹೆಸರು. ಕೆಲಸಗಾರರ ಬಾಯಲ್ಲಿ ಅವು ಬರೀ ಪೆಟ್ಟಿಗೆ. ಆ ಪೆಟ್ಟಿಗೆಗೆ ನೀರು ಕೊಡುವ ಮುನ್ನ ಅವರು ಯಾರು ಎಷ್ಟೇ ಅವಸರ ಮಾಡಿದರೂ "ತಡಿ" ಎನ್ನುತ್ತಿದ್ದರು. ಹಾಗಾಗಿ ಹುಟ್ಟುಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಆಸ್ಪತ್ರೆಗೆಲ್ಲ ಅವರು ತಡಿ ಮೇಸ್ತ್ರಿಯಾದರು.

"ಕರೆಯೋಕೆ ಬಂದವನಿಗೂ 'ತಡಿ' ಅಂದಿರ್ತಾನೆ," ಎಂದ ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ ಬಾಯ್ಲರ್ ಚಿಕ್ಕಪ್ಪ. ಬಾಯ್ಲರ್ ಕೋಣೆಯಲ್ಲಿ ಮೂವತ್ತು ವರ್ಷ ಕಳೆದು ಅರ್ಧ ಕಿವುಡಾಗಿದ್ದ ಅವನು ಮೆಲ್ಲಗೆ ಹೇಳಿದ್ದೂ ಬೀದಿಗೆ ಕೇಳಿಸುತ್ತಿತ್ತು. "ಅವನಿಗೆ ಕೇಳಿಸಿರಲ್ಲ ಅಷ್ಟೇ."

ಅತ್ತೆ ನಕ್ಕುಬಿಟ್ಟರು. ಆ ನಗು ಮುಗಿಯುವ ಮುಂಚೆ ಎಂಜಿನಿಯರ್ ಸಾಹೇಬರು ಒಳಗೆ ಬಂದರು.

ಅವರು ಮಂಚದ ಮುಂದೆ ನಿಂತು, ಎಷ್ಟು ಹೊತ್ತು ತಲೆ ತಗ್ಗಿಸಬೇಕೋ ಅಷ್ಟು ಹೊತ್ತು ತಗ್ಗಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇಂಥ ಹೊತ್ತಲ್ಲಿ ಕೇಳಬಾರದು..."

"ಹಾಗಾದ್ರೆ ಕೇಳಬೇಡಿ."

ಆದರೂ ಸಾಹೇಬರು ಕೇಳಿದರು. "ಎಳೆಮಕ್ಕಳ ಹೊಸ ವಾರ್ಡಿನ ನೀರಿನ ವಾಲ್ವಿಗೆ ಮೇಸ್ತ್ರಿ ಬೀಗ ಹಾಕಿದ್ರು. ನಾಳೆ ಉದ್ಘಾಟನೆ. ದೊಡ್ಡ ದೊಡ್ಡವರು ಬರ್ತಾರೆ. ನೀರು ಬಿಡದಿದ್ರೆ ವಾರ್ಡು ಒಲೆ ಆಗುತ್ತೆ. ಬೀಗದ ಕೈ ಅವರ ಹತ್ರಾನೇ ಇತ್ತು."

"ಈಗಲೂ ಅವರ ಹತ್ರಾನೇ ಇದೆ. ಕೊರಳಲ್ಲಿ." ಅತ್ತೆ ಗಂಡನ ಅಂಗಿಯ ಮೇಲಿನ ಗುಂಡಿಯೊಂದನ್ನು ಬಿಚ್ಚಿದರು. ಕಪ್ಪು ದಾರದಲ್ಲಿ ಸಣ್ಣ ಹಿತ್ತಾಳೆಯ ಬೀಗದ ಕೈ. "ಹಾಕಿದವನೇ ತೆಗೀಬೇಕು ಅನ್ನೋದು ನಿಮ್ಮದೇ ಕಾನೂನಂತೆ. ಇಲ್ಲೇ ಇದ್ದಾರಲ್ಲ, ಕೇಳಿ."

ಸಾಹೇಬರ ಕೈ ಅರ್ಧಕ್ಕೆ ಏರಿತು. ಕೋಣೆಯಲ್ಲಿದ್ದವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅದು ಹಾಗೇ ಇಳಿದು ಸಾಹೇಬರದೇ ಜೇಬಿನೊಳಗೆ ಹೋಯಿತು.

ಹೊರಡುವಾಗ ಅವರು ಸೊಸೆಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ಕೈಯ ಬಟ್ಟೆಯನ್ನು ಕೆಳಗಿಟ್ಟು ಮೆಟ್ಟಿಲವರೆಗೆ ಹೋದಳು. ಆಸ್ಪತ್ರೆಯ ಕಡತದಲ್ಲಿ ಅವಳು ಎರಡನೆಯ ಫಿಟ್ಟರ್. ಬೀಗ ಹಾಕಿದವನು ಬರಲಾರದೆ ಹೋದರೆ, ಎಂಜಿನಿಯರೂ ಎರಡನೆಯ ಫಿಟ್ಟರೂ ಸಹಿ ಮಾಡಿ ಬೀಗ ಕತ್ತರಿಸಬಹುದೆಂದು ಅದೇ ಕಾನೂನಿನ ಕೆಳಗಿನ ಸಾಲಿನಲ್ಲಿತ್ತು. ಸಾಹೇಬರು ಆ ಸಾಲನ್ನು ಓದಿಕೊಂಡೇ ಬಂದಿದ್ದರು. ಪ್ಲಾಸ್ಟಿಕ್ ಹಾಳೆಯೊಳಗಿಂದ ಬೆರಳಚ್ಚಾದ ಕಾಗದವೊಂದನ್ನು ತೆಗೆದು ಕೊಟ್ಟರು.

ಅವಳು ಓದಿದಳು. 'ಹಿರಿಯ ಫಿಟ್ಟರ್ ಅವರ ದೃಷ್ಟಿ ಮಂದವಾಗಿದ್ದ ಕಾರಣ ಒತ್ತಡದ ಅಳತೆ ತಪ್ಪಾಗಿ ದಾಖಲಾಗಿದೆ. ಎರಡನೆಯ ಫಿಟ್ಟರ್ ಆದ ನಾನು ಮತ್ತೆ ಪರೀಕ್ಷಿಸಿ ನೋಡಿದ್ದು, ಎಲ್ಲ ಜೋಡಣೆಗಳೂ ಸರಿಯಾಗಿವೆ.'

"ಮಾವನ ಕಣ್ಣು ಚೆನ್ನಾಗಿತ್ತು ಸಾರ್."

"ಇರಬಹುದು. ನಾನೂ ಏಣಿ ಹತ್ತಿ ನೋಡಿ ಬಂದೆ." ಸಾಹೇಬರು ದನಿ ಇಳಿಸಿದರು. "ಒಂಬತ್ತನೇ ಪೆಟ್ಟಿಗೆ ಮೇಲೆ ಕೆಂಪು ಗೆರೆ ಇದೆ. ಉಗುರು ಬಣ್ಣ. ಇಡೀ ಆಸ್ಪತ್ರೇಲಿ ಉಗುರು ಬಣ್ಣ ಇಟ್ಕೊಂಡಿರೋ ಫಿಟ್ಟರ್ ಎಷ್ಟು ಜನ?"

ಅವಳು ಕಾಗದವನ್ನು ಸಾಹೇಬರ ಕೈಗೆ ವಾಪಸು ಕೊಟ್ಟಳು.

"ಹೋದವರಿಗೆ ಏನೂ ಆಗಲ್ಲ. ಇರೋರು ಬದುಕಬೇಕಲ್ಲ? ಸಹಿ ಹಾಕಿ. ಉದ್ಘಾಟನೆ ಆದ್ಮೇಲೆ ಸದ್ದಿಲ್ಲದೆ ಸರಿ ಮಾಡೋಣ. ಮಣ್ಣು ಮುಗಿಸಿ ಬನ್ನಿ, ಗೇಟಿನ ಹತ್ರ ಇರ್ತೀನಿ."

*

ಹನ್ನೊಂದು ವರ್ಷದ ಕೆಳಗೆ, ಮದುವೆಯಾಗಿ ಬಂದ ಮೂರನೆಯ ವಾರ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಅವಳು ಮಾವನ ಚೀಲದಿಂದ ಸ್ಪ್ಯಾನರ್ ತೆಗೆದು ಬಿಗಿಸಲು ಹೋಗಿದ್ದಳು. ನಲ್ಲಿಯ ಜೊತೆಗೆ ಗೋಡೆಯೊಳಗಿನ ಕೊಳವೆಯೂ ತಿರುಗಿ ಕಿತ್ತುಬಂತು. ನೀರು ಎದೆಯೆತ್ತರಕ್ಕೆ ಹಾರಿ ಹಿಟ್ಟಿನ ಡಬ್ಬಿಗಳೆಲ್ಲ ತೇಲಾಡಿದವು. ಮಾವ ಹೊರಗಿನ ವಾಲ್ವ್ ಮುಚ್ಚಿ ಒಳಗೆ ಬಂದು, ತೊಯ್ದು ತೊಪ್ಪೆಯಾಗಿ ನಿಂತಿದ್ದ ಹೊಸ ಸೊಸೆಯನ್ನು ನೋಡಿದರು. ಬೈಯುತ್ತಾರೆಂದು ಅವಳು ಕಣ್ಣು ಮುಚ್ಚಿಕೊಂಡಳು. ಅವರು ಚೀಲದಿಂದ ಇನ್ನೊಂದು ಸ್ಪ್ಯಾನರ್ ತೆಗೆದು ಅವಳ ಎಡಗೈಗೆ ಕೊಟ್ಟರು.

"ಒಂದು ಕೈ ತಿರುಗಿಸುತ್ತೆ, ಇನ್ನೊಂದು ಹಿಡ್ಕೊಳ್ಳುತ್ತೆ. ತಿರುಗಿಸೋದನ್ನ ಯಾರು ಬೇಕಾದ್ರೂ ಮಾಡ್ತಾರಮ್ಮ. ಹಿಡ್ಕೊಳ್ಳೋದೇ ಕೆಲಸ."

ಎರಡು ವರ್ಷದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಕಚೇರಿಯ ಗುಮಾಸ್ತ ಮೂಗು ಮುರಿದ. "ಸೊಸೇನ ಏಣಿ ಹತ್ತಿಸ್ತೀಯಲ್ಲ ಮೇಸ್ತ್ರಿ, ನಾಚಿಕೆ ಆಗಲ್ವಾ?"

"ಆಗುತ್ತೆ," ಎಂದರಂತೆ ಮಾವ. "ನಾನು ಅರ್ಧ ಹತ್ತೋವಷ್ಟರಲ್ಲಿ ಅವಳು ಕೆಲಸ ಮುಗಿಸಿ ಇಳಿದಿರ್ತಾಳೆ, ಅದಕ್ಕೆ."

ಹೊಸ ಕೊಳವೆಗೆ ಪೆಟ್ಟಿಗೆಯನ್ನು ಒಮ್ಮೆಲೇ ಸೇರಿಸಬಾರದೆಂದು ಅವರು ಕಲಿಸಿದರು. ಮೊದಲು ಬರೀ ಕೊಳವೆಯಲ್ಲಿ ನೀರು ಹರಿಸಿ, ತುಕ್ಕು, ಲೋಹದ ಪುಡಿ, ಬೆಸುಗೆಯ ಚೂರು ಎಲ್ಲ ಹೊರಬೀಳಿಸಬೇಕು. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ, ಲೋಟದಾಚೆ ತಮ್ಮ ಬೆರಳ ಗೆರೆ ಕಾಣುವವರೆಗೆ ಮಾವ "ತಡಿ" ಎನ್ನುತ್ತಿದ್ದರು. ಆಮೇಲೆ ಪೆಟ್ಟಿಗೆಯ ಕೆಳಗಿನ ಬಾಯಿಗೆ ನೀರು ಬರುವ ಕೊಳವೆ, ಮೇಲಿನ ಬಾಯಿಗೆ ನೀರು ಹೋಗುವ ಕೊಳವೆ ಸೇರಿಸಬೇಕು. ನೆತ್ತಿಯ ತಿರುಪನ್ನು ಸಡಿಲಿಸಿ ಒಳಗಿನ ಗಾಳಿ ಬಿಡಬೇಕು. ಬುಸ್ಸೆನ್ನುವುದು ನಿಂತು ನೀರು ಚಿಮ್ಮಿದರೆ ತಿರುಪು ಮುಚ್ಚಬೇಕು. ಆಮೇಲೆ ಕೈಪಂಪಿನಿಂದ ಒತ್ತಡ ಏರಿಸಿ ಒಂದು ಹಗಲು ಒಂದು ಇರುಳು ಮಾಪಕದ ಸೂಜಿಯನ್ನು ಕಾಯಬೇಕು. ಸೂಜಿ ಇಳಿಯದಿದ್ದರಷ್ಟೇ ಅದು ಕೆಲಸ.

ಕಟ್ಟಿದ ಪ್ರತಿ ಜೋಡಣೆಯ ಮೇಲೂ ಕಟ್ಟಿದವರು ತಮ್ಮ ಬಣ್ಣದ ಒಂದು ಗೆರೆ ಎಳೆಯಬೇಕು. ಮಾವನದು ನೀಲಿ. ಗೋದಾಮಿನಲ್ಲಿ ಬೇರೆ ಬಣ್ಣವಿರಲಿಲ್ಲವಾಗಿ ಅವಳು ತನ್ನ ಉಗುರು ಬಣ್ಣದ ಸೀಸೆ ತಂದಳು. "ಇದು ಚೆಂದ," ಎಂದರು ಮಾವ. "ದೂರದಿಂದಲೇ ಕಾಣುತ್ತೆ."

*

ಹೆಣ ಹೊತ್ತ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಹಿಂದೆ ನಡೆಯುತ್ತಿದ್ದವರಲ್ಲಿ ಆಸ್ಪತ್ರೆಯ ಫಿಟ್ಟರುಗಳೆಲ್ಲ ಇದ್ದರು. ಸತ್ತವರ ಮಾತು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ.

"ಒಂದ್ಸಲ ಆಪರೇಷನ್ ಕೋಣೆ ಮೇಲೆ ಕೆಲಸ," ಎಂದ ಬಾಯ್ಲರ್ ಚಿಕ್ಕಪ್ಪ. "ದೊಡ್ಡ ಡಾಕ್ಟ್ರು ಕೆಳಗಿಂದ ಕೂಗ್ತಾರೆ, 'ಮೇಸ್ತ್ರಿ, ಇನ್ನೂ ಎಷ್ಟು ಹೊತ್ತು?' ಇವನು ಮೇಲಿಂದ, 'ನೀವು ಹೊಟ್ಟೆ ಹೊಲಿಯುವಾಗ ನಾನು ಹೀಗೆ ಕೇಳ್ತೀನಾ?'"

ನಗು ಎದ್ದಿತು. ಅವಳು ನಗಲಿಲ್ಲ. ಅವಳ ಮಣಿಕಟ್ಟಿನಲ್ಲಿ ಹನ್ನೆರಡು ದಿನದ ಹಿಂದಿನ ಒಂದು ಕ್ಷಣ ಇನ್ನೂ ಕೂತಿತ್ತು.

*

ಎಳೆಮಕ್ಕಳ ವಾರ್ಡಿಗೆ ಹದಿನಾಲ್ಕು ಪೆಟ್ಟಿಗೆ. ಮಾವ ಏಳು, ಅವಳು ಏಳು. ಒಂಬತ್ತನೆಯದರ ಮುಂದೆ ಗಾಳಿಯ ದೊಡ್ಡ ತಗಡಿನ ಕೊಳವೆ ಅಡ್ಡ ಬಂದಿತ್ತು. ಭುಜದವರೆಗೆ ತೋಳನ್ನು ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಕೈಯೇ ಕಣ್ಣಾಗಿ ಕೆಲಸ ಮಾಡಬೇಕಿತ್ತು. ಎಡಗೈಯ ಸ್ಪ್ಯಾನರ್ ಜಾರಿ ಚಾವಣಿಯ ಹಲಗೆಗಳ ಹಿಂದೆ ಎಲ್ಲೋ ಬಿತ್ತು. ಇಳಿದು ಇನ್ನೊಂದನ್ನು ತರಬೇಕು, ಮತ್ತೆ ಹತ್ತಬೇಕು, ಮತ್ತೆ ತೋಳು ತೂರಿಸಬೇಕು. ಪಾಳಿ ಮುಗಿಯಲು ಕಾಲು ಗಂಟೆಯಿತ್ತು. ಪೆಟ್ಟಿಗೆಯಿಂದ ಚಾಚಿದ್ದ ತಾಮ್ರದ ಬಾಯನ್ನು ಬರಿಯ ಅಂಗೈಯಲ್ಲಿ ಹಿಡಿದು, ಬಲಗೈಯ ಸ್ಪ್ಯಾನರಿನಿಂದ ಬಿಗಿಸಿದಳು. ಕೊನೆಯ ಅರೆಸುತ್ತಿನಲ್ಲಿ ಏನೋ ಕೂದಲೆಳೆಯಷ್ಟು ಸಡಿಲಿದಂತಾಯಿತು. ತಿರುಪಿನ ಸುತ್ತು ಸರಿಯಾಗಿ ಕೂತಿತು ಎಂದು ತನಗೆ ತಾನೇ ಹೇಳಿಕೊಂಡು, ಕೆಂಪು ಗೆರೆ ಎಳೆದು ಇಳಿದಳು.

ಮೊನ್ನೆ ಸೋಮವಾರ ಬೆಳಿಗ್ಗೆ ಸೂಜಿ ಹತ್ತರಿಂದ ಒಂಬತ್ತೂವರೆಗೆ ಇಳಿದಿತ್ತು.

"ಮಾಪಕ ಹಳೇದು," ಎಂದಿದ್ದರು ಎಂಜಿನಿಯರ್ ಸಾಹೇಬರು. ಮಾವ ಪುಸ್ತಕದಲ್ಲಿ ಅಳತೆ ಬರೆದು, ವಾರ್ಡಿಗೆ ನೀರು ಬರುವ ವಾಲ್ವಿಗೂ ಹೋಗುವ ವಾಲ್ವಿಗೂ ಸೇರಿಸಿ ಸರಪಳಿ ಸುತ್ತಿ ಬೀಗ ಹಾಕಿದರು. ಮಧ್ಯಾಹ್ನವೆಲ್ಲ ದಿನಪತ್ರಿಕೆಯ ಚೂರುಗಳನ್ನು ಹಿಡಿದು ಒಂದೊಂದೇ ಪೆಟ್ಟಿಗೆಗೆ ಹತ್ತಿ, ಒಂದೊಂದೇ ಜೋಡಣೆಯ ಅಡಿಗೆ ಒತ್ತಿ ನೋಡಿದರು. ಸಂಜೆಗೆ ಇಳಿದು ಬಂದಾಗ ಒದ್ದೆಯಾದ ಒಂದು ಚೂರನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದರು.

"ಒಂಬತ್ತನೇದು ಯಾರು ಕಟ್ಟಿದ್ದು?"

ಅವರ ಕಣ್ಣಿಗೆ ಕೆಂಪು ಗೆರೆ ಕಂಡಿರಲಿಲ್ಲವೇ? ದೂರದಿಂದಲೇ ಕಾಣುತ್ತೆ ಎಂದವರು ಅವರೇ. ಆದರೂ ಕೇಳಿದರು, ಕೇಳಿ, ಅವಳ ಮುಖ ನೋಡದೆ ಏಣಿಯನ್ನು ಮಡಚತೊಡಗಿದರು.

"ನೋಡ್ಬೇಕು ಮಾವ," ಎಂದಿದ್ದಳು ಅವಳು.

"ಸರಿ. ನೋಡಿ ಹೇಳು."

ಮಂಗಳವಾರ ಬೆಳಗಾಗುವಷ್ಟರಲ್ಲಿ ಅವರ ಎದೆ ನಿಂತಿತ್ತು.

*

ಬೀಗದ ಕೈ ಕೊರಳಲ್ಲಿದ್ದ ಹಾಗೆಯೇ ತಡಿ ಮೇಸ್ತ್ರಿ ಮಣ್ಣಿಗೆ ಇಳಿದರು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಸೊಸೆಯ ಸರದಿ ಬಂದಾಗ ಅವಳ ಮುಷ್ಟಿ ಬಿಚ್ಚಲೇ ಇಲ್ಲ. ಗಂಡ ಬಂದು ಮೊಣಕೈ ಹಿಡಿದುಕೊಂಡ.

"ಏನಾಯ್ತು?"

"ಅವರಿಗೆ ಒಂದು ಮಾತು ಹೇಳೋದಿತ್ತು."

"ಈಗ ಹೇಳು."

"ಅವರಿಗೆ ಗೊತ್ತು. ಬೇರೆಯವರಿಗೆ ಹೇಳ್ಬೇಕು."

ಅವಳು ಮುಷ್ಟಿ ಸಡಿಲಿಸಿದಳು. ಮಣ್ಣು ಬಿತ್ತು.

ಸ್ಮಶಾನದ ಗೇಟಿನ ಬಳಿ ಸಾಹೇಬರು ಕಾರಿಗೊರಗಿ ನಿಂತಿದ್ದರು. ಕಾಗದ ಸಿದ್ಧವಿತ್ತು, ಪೆನ್ನಿನ ಮುಚ್ಚಳವೂ ತೆರೆದಿತ್ತು. ಹಿಂದೆ ಬರುತ್ತಿದ್ದ ಫಿಟ್ಟರುಗಳು ಕೈಯ ಮಣ್ಣು ಕೊಡವುತ್ತ ನಿಂತರು.

"ಒಂದು ಹನಿ ಕಣಮ್ಮ," ಎಂದರು ಸಾಹೇಬರು ಮೆಲ್ಲಗೆ. "ದಿನಕ್ಕೆ ಒಂದು ಹನಿ. ಕೆಳಗೆ ತಟ್ಟೆ ಇದೆ."

"ತಟ್ಟೆ ಇರೋದು ಸುರುಳಿ ಬೆವರಿದ್ರೆ ಹಿಡಿಯೋಕೆ ಸಾರ್. ಆ ಜೋಡಣೆ ತಟ್ಟೆಯಿಂದ ಆಚೆಗಿದೆ. ಅದರ ನೇರ ಕೆಳಗೆ ಏನಿದೆ ಹೇಳಿ."

ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ತೊಟ್ಟಿಲು ಅಲ್ಲಿತ್ತು. ಅದರ ಕರೆಂಟಿನ ಪ್ಲಗ್ಗುಗಳೂ ಅಲ್ಲೇ ಇದ್ದವು.

"ಈಗ ಅದು ನಿಂತ ನೀರು. ನಾಳೆ ದೊಡ್ಡ ಪಂಪು ಶುರುವಾದ್ರೆ ಏಟು ಬೀಳುತ್ತೆ. ತಿರುಚಿದ ತಾಮ್ರ ಬಾಯಿ ಬಿಡುತ್ತೆ."

"ತಿರುಚಿದೆ ಅಂತ ಯಾರು ಹೇಳಿದ್ದು?"

"ತಿರುಚಿದವಳು ನಾನೇ."

ಅವಳು ಅದನ್ನು ಗಟ್ಟಿಯಾಗಿ ಹೇಳಿದಳು. ಬಾಯ್ಲರ್ ಚಿಕ್ಕಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅತ್ತೆ ತಲೆಯೆತ್ತಿದರು. ಸಾಹೇಬರ ಕೈಯಿಂದ ಕಾಗದವನ್ನೂ ಪೆನ್ನನ್ನೂ ತೆಗೆದುಕೊಂಡು ಅವಳು ಗಂಡನ ಕಡೆ ತಿರುಗಿದಳು.

"ಸ್ವಲ್ಪ ಬಗ್ಗಿ."

ದರ್ಜಿ ಏಕೆಂದು ಕೇಳದೆ ಬಗ್ಗಿದ. ಅವನ ಬೆನ್ನಿನ ಮೇಲೆ ಕಾಗದವನ್ನು ಮಗುಚಿ ಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಅವಳು ಬರೆದಳು. ಇದನ್ನು ಹೇಳುವವರಲ್ಲಿ ಕೆಲವರು ಅವಳು ಪುಟ ತುಂಬ ಬರೆದಳೆನ್ನುತ್ತಾರೆ. ಬರೆಸಿಕೊಂಡ ಬೆನ್ನು ಹೇಳುವುದು ಮೂರೇ ಸಾಲು: 'ಒಂಬತ್ತನೆಯ ಪೆಟ್ಟಿಗೆ ಕಟ್ಟಿದವಳು ನಾನು. ಒಂದೇ ಸ್ಪ್ಯಾನರಿನಲ್ಲಿ ಬಿಗಿಸಿದೆ. ಹಿರಿಯ ಫಿಟ್ಟರ್ ಓದಿದ ಅಳತೆ ಸರಿ.' ಕೆಳಗೆ ಸಹಿ.

"ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಸಾಹೇಬರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮ ಕೆಲಸ ಹೋಗುತ್ತೆ. ನಂದೂ ಹೋಗುತ್ತೆ."

"ಅದು ನಾಳಿನ ಮಾತು ಸಾರ್. ಈಗ ನನಗೆ ಏಣಿ ಬೇಕು."

"ಬೇರೆ ಯಾರ ಕೈಲಾದ್ರೂ ಬೀಗ ಕತ್ತರಿಸ್ತೀನಿ!"

"ಯಾರ ಕೈಲಿ?" ಎಂದ ಬಾಯ್ಲರ್ ಚಿಕ್ಕಪ್ಪ. "ಫಿಟ್ಟರುಗಳೆಲ್ಲ ಇಲ್ಲೇ ಇದ್ದೀವಿ. ದೊಡ್ಡ ಕತ್ತರಿ ನನ್ನ ಕೋಣೇಲಿದೆ. ಕೋಣೆ ಬೀಗದ ಕೈ ಈಗ ತಾನೆ ಎಲ್ಲೋ ಬಿದ್ದೋಯ್ತು. ಮಣ್ಣು ಹಾಕುವಾಗ ಬಿತ್ತೋ ಏನೋ. ತೋಡಿಸ್ತೀರಾ?"

ಅವನ ಜೇಬಿನಲ್ಲಿ ಬೀಗದ ಕೈಗಳ ಗೊಂಚಲು ಗಲಗಲ ಎನ್ನುತ್ತಿದ್ದುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು.

ಸಾಹೇಬರು ಅತ್ತೆಯ ಕಡೆ ನೋಡಿದರು, ಹಿರಿಯರಾದವರು ಸೊಸೆಗೆ ಬುದ್ಧಿ ಹೇಳಿಯಾರೆಂದು. ಅತ್ತೆ ಸೊಸೆಯ ಬಳಿ ಬಂದು ನಿಂತರು.

"ನೀನು ಮಾಡಿದ್ದು ತಪ್ಪು."

"ಹೌದು ಅತ್ತೆ."

"ಅವರಿದ್ದಿದ್ರೆ ಒಂದು ವಾರ ನಿನ್ನ ಹತ್ರ ಮಾತಾಡ್ತಿರಲಿಲ್ಲ."

"ಹೌದು."

"ನಾನು ಮಾತಾಡ್ತೀನಿ. ನಡಿ. ನಾನೂ ಬರ್ತೀನಿ."

*

ಎಳೆಮಕ್ಕಳ ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಉದ್ಘಾಟನೆಯ ಕೆಂಪು ಪಟ್ಟಿ ಆಗಲೇ ಕಟ್ಟಿತ್ತು. ಮಣ್ಣಿಗೆ ಹೋದ ಬಟ್ಟೆಯಲ್ಲೇ ಇದ್ದ ಅಷ್ಟೂ ಜನ ಅದರಡಿಯಲ್ಲಿ ಬಗ್ಗಿ ಒಳಗೆ ಹೋದರು. ಸೊಸೆ ಮೊದಲು ಪೆಟ್ಟಿಗೆಯ ಕರೆಂಟಿನ ಫ್ಯೂಸು ಕಿತ್ತು ತನ್ನ ಜೇಬಿಗಿಟ್ಟುಕೊಂಡಳು. ವಾರ್ಡಿನ ಕೊಳವೆಯಲ್ಲಿದ್ದ ನೀರನ್ನು ಬಕೆಟ್ಟುಗಳಿಗೆ ಇಳಿಸಿದರು. ಬೀಗ ಅದರ ಪಾಡಿಗೆ ಹೊರಗಿನ ವಾಲ್ವಿನ ಮೇಲಿತ್ತು. ಈ ಕೆಲಸಕ್ಕೆ ಅದನ್ನು ಮುಟ್ಟಬೇಕಾಗಿರಲಿಲ್ಲ.

ಒಂಬತ್ತನೆಯ ಪೆಟ್ಟಿಗೆ ಕೆಳಗಿಳಿಯಿತು. ಕೆಂಪು ಗೆರೆಯಿಂದ ಎರಡು ಬೆರಳಾಚೆ, ತಾಮ್ರದ ಬಾಯಿಯ ಬುಡದಲ್ಲಿ ಹೇನಿನ ಕಾಲಿಗಿಂತ ಸಣ್ಣದೊಂದು ಬಿರುಕು. ಅವಳು ಅದನ್ನು ಎಲ್ಲರ ಕೈಗೂ ಕೊಟ್ಟಳು. ಎಲ್ಲರೂ ಬೆರಳಾಡಿಸಿ ನೋಡಿದರು. ಸಾಹೇಬರೂ ನೋಡಿದರು.

ಗೋದಾಮಿನಲ್ಲಿದ್ದ ಹೆಚ್ಚುವರಿ ಪೆಟ್ಟಿಗೆ ಬಂತು. ಅಡ್ಡ ಬಂದಿದ್ದ ತಗಡಿನ ಕೊಳವೆಯ ಒಂದು ತುಂಡನ್ನು ಬಿಚ್ಚಿ ಜಾಗ ಮಾಡಿದರು. ಹನ್ನೆರಡು ದಿನದ ಹಿಂದೆಯೇ ಅದನ್ನು ಬಿಚ್ಚಿಸಬಹುದಿತ್ತು. ಅವಳು ಎರಡು ಸ್ಪ್ಯಾನರ್ ಹಿಡಿದು ಹತ್ತಿದಳು. ಏಣಿಯನ್ನು ಅವಳ ಗಂಡ ಹಿಡಿದಿದ್ದ. ಹೆಂಡತಿ ಎಂಥ ಕಡೆ ಕೆಲಸ ಮಾಡುತ್ತಾಳೆಂದು ಅವನು ಕಂಡದ್ದು ಅದೇ ಮೊದಲು.

"ಇಲ್ಲಿ ಉಸಿರಾಡೋಕೂ ಜಾಗ ಇಲ್ವಲ್ಲೇ," ಎಂದ.

"ಉಸಿರಾಡೋದು ಇಳಿದ ಮೇಲೆ," ಎಂದಳು ಮೇಲಿಂದ.

ಬಕೆಟ್ಟುಗಳ ನೀರನ್ನೇ ಪಂಪಿನಿಂದ ಮತ್ತೆ ಕೊಳವೆಗೆ ತುಂಬಿದರು. ಹದಿನಾಲ್ಕೂ ಪೆಟ್ಟಿಗೆಗಳ ನೆತ್ತಿಯಿಂದ ಗಾಳಿ ಬುಸ್ಸೆಂದು ಹೊರಟು, ಕೊನೆಗೆ ನೀರು ಚಿಮ್ಮಿತು. ಬಾಯ್ಲರ್ ಚಿಕ್ಕಪ್ಪ ಕೈಪಂಪು ಒತ್ತಿದ. ಸೂಜಿ ಹತ್ತಕ್ಕೇರಿತು. ಗೋಡೆಯ ಗಡಿಯಾರ ನೋಡಿ ಅವಳು ಪುಸ್ತಕದಲ್ಲಿ ಬರೆದಳು: ಸಂಜೆ ನಾಲ್ಕೂ ನಲವತ್ತು.

"ಅಂದ್ರೆ ನಾಳೆ ನಾಲ್ಕೂ ನಲವತ್ತರವರೆಗೆ," ಎಂದರು ಸಾಹೇಬರು. ಅದು ಪ್ರಶ್ನೆಯಾಗಿರಲಿಲ್ಲ. "ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ."

"ಸೂಜಿ ನಿಂತ್ರೆ ನಾಳೆ ಸಂಜೆ ಬೀಗ ನಾನೇ ಕತ್ತರಿಸ್ತೀನಿ. ನಿಮ್ಮ ಸಹಿ ಪಕ್ಕ ನನ್ನ ಸಹಿ ಇರುತ್ತೆ. ಅದಕ್ಕೆ ಮುಂಚೆ ಇಲ್ಲ."

ಯಾರೂ ಮನೆಗೆ ಹೊರಡಲಿಲ್ಲ. ಮಕ್ಕಳಿಲ್ಲದ ತೊಟ್ಟಿಲುಗಳ ನಡುವೆ, ತೊಳೆದ ನೆಲದ ಮೇಲೆ, ಒಬ್ಬೊಬ್ಬರಾಗಿ ಮಾಪಕದ ಸುತ್ತ ಕೂತರು. ಯಾರೋ ಚಹಾ ತಂದರು. ದನಿ ತಗ್ಗಿಸಿ ಮಾತಾಡಿದರು. ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರು ತೆಗೆದು ಹೆಸರು ನೋಡಿ, ಸದ್ದು ಅಡಗಿಸಿ, ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು.

ಕಿಟಕಿಯ ಬಿಸಿಲು ಜಾರಿ ಮಾಪಕದ ಅಂಗೈಯಗಲದ ಬಿಳಿಯ ಮುಖದ ಮೇಲೆ ಬಿದ್ದಿತ್ತು. ಎಲ್ಲಿಂದಲೋ ಬಂದ ನೊಣವೊಂದು ಅದರ ಗಾಜಿನ ಮೇಲೆ ಕೂತಿತು. ಅತ್ತೆ ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಕೈ ಬೀಸಿ ಅದನ್ನು ಓಡಿಸಿದರು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅಲ್ಲೇ ಹತ್ತಿರ ಇಟ್ಟುಕೊಂಡು ಕೂತರು.